ಮುಖ ಬೆವರತೈತ್ರಿ, ಕೈ ನಡುಗಂಗಿಲ್ಲ

ರಾಣೇಬೆನ್ನೂರಿನಲ್ಲಿ ಔಷಧಿ ಅಂಗಡಿಗಳ ಸಾಲಿನ ಮೇಲ್ಮಹಡಿಯಲ್ಲಿ ಮೈಲೇಶನ ರಕ್ತ ತಪಾಸಣೆಯ ಲ್ಯಾಬ್ ಇದೆ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಜನ ಕೂತಿರುತ್ತಾರೆ. ಎಲ್ಲರೂ ಖಾಲಿ ಹೊಟ್ಟೆಯವರು, ಹಾಗಾಗಿ ಸಿಟ್ಟೂ ತುಸು ಮೂಗಿನ ತುದಿಯಲ್ಲೇ. ಒಳಗೆ ಬಂದವರಲ್ಲಿ ಬಹಳ ಜನ ಮೊದಲು ಕೇಳುವುದು ಒಂದೇ ಮಾತು: "ಅಫ್ರೀನ್ ಬಂದಾಳೇನ್ರಿ?" ಆಕೆ ಇಲ್ಲ ಎಂದರೆ ಕೆಲವರು ನಾಳೆ ಬರುತ್ತೇವೆಂದು ಹೊರಟೇಬಿಡುತ್ತಾರೆ. ಸೂಜಿ ಹೋದದ್ದೂ ಬಂದದ್ದೂ ಗೊತ್ತಾಗದ ಹಾಗೆ ರಕ್ತ ತೆಗೆಯುವ ಕೈ ಅದು.

ಆದರೆ ಇದೇ ಲ್ಯಾಬಿನಲ್ಲಿ ಒಂದು ಕಾಲಕ್ಕೆ ಜನ ಆಕೆಯ ಮುಖ ನೋಡಿ ತೋಳು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಅಫ್ರೀನಳ ತಂದೆ ಸಲಾವುದ್ದೀನನಿಗೆ ಒಂದು ಗೂಡ್ಸ್ ಟೆಂಪೊ ಇದೆ. ಸುಗ್ಗಿಯಲ್ಲಿ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ, ಉಳಿದ ದಿನಗಳಲ್ಲಿ ಸಿಕ್ಕಿದ್ದು ಹೇರುತ್ತಾನೆ. ತಾಯಿ ದೌಲತಬಿ ಕರ್ಜಗಿಯವಳು, ಮಾತಿಗೆ ನಿಂತರೆ ಇಡೀ ಓಣಿಗೆ ಕೇಳುವ ಗಂಟಲು. ಅಫ್ರೀನ್ ಏಳನೆಯ ಇಯತ್ತೆಗೆ ಬರುವ ಹೊತ್ತಿಗೆ ಆಕೆಯ ಹಣೆ, ನೆತ್ತಿ, ಮೇಲ್ದುಟಿ ಬೆವರತೊಡಗಿದವು. ಬೇಸಿಗೆಯಲ್ಲಿ ಎಲ್ಲರಿಗೂ ಬರುವ ಬೆವರಲ್ಲ ಅದು. ಶಿಕ್ಷಕರು ಎದ್ದು ನಿಲ್ಲು ಎಂದರೆ ಸಾಕು, ಕೂದಲ ಬುಡದಿಂದ ಧಾರೆ ಇಳಿದು ಹುಬ್ಬು ದಾಟಿ ಕಣ್ಣಿಗೆ ಬರುತ್ತಿತ್ತು. ಬಿಸಿ ಸಾರು ಉಂಡರೆ ತಾಟಿನ ಮೇಲೆಯೇ ಹನಿ ಬೀಳುತ್ತಿತ್ತು. ಮಳೆಗಾಲದ ತಂಪು ಗಾಳಿಯಲ್ಲಿ ಗೆಳತಿಯರು ಸ್ವೆಟರ್ ಹಾಕಿಕೊಂಡು ಕೂತಾಗಲೂ ಈಕೆ ಮುಖ ಒರೆಸಿಕೊಳ್ಳುತ್ತಿದ್ದಳು. ಮೈಯೆಲ್ಲ ಒಣಗಿಯೇ ಇರುತ್ತಿತ್ತು, ತಲೆ ಮತ್ತು ಮುಖ ಮಾತ್ರ ಯಾರೋ ನೀರು ಸುರಿದಂತೆ.

ಕಾರಣ ಹೇಳುವವರಿಗೆ ಬರವಿರಲಿಲ್ಲ. ಮೈಯಲ್ಲಿ ಉಷ್ಣ ಹೆಚ್ಚಾಗಿದೆ ಎಂದರು ಒಬ್ಬರು, ಅಪ್ಪನ ಟೆಂಪೊದ ಮೆಣಸಿನಕಾಯಿ ಧೂಳು ತಲೆಗೇರಿದೆ ಎಂದರು ಇನ್ನೊಬ್ಬರು. ದೃಷ್ಟಿ, ಅಶಕ್ತತೆ, ಅಂಜುಬುರುಕತನ, ಎಲ್ಲವೂ ಬಂದುಹೋದವು. ದೌಲತಬಿ ಜೀರಿಗೆ ನೀರು ಕುಡಿಸಿದಳು, ಮಗಳ ಪಾಲಿನ ಸಾರಿಗೆ ಖಾರ ಬಿಟ್ಟಳು, ತಾಯಿತ ಕಟ್ಟಿಸಿದಳು. ಕರ್ಜಗಿಯ ತವರಿನಲ್ಲಿ ಮದುವೆಗೆ ಹೋದಾಗ ಯಾರೋ ಹೇಳಿದರು, ಕೂದಲು ದಟ್ಟವಾಗಿದ್ದಕ್ಕೇ ಹೀಗೆ, ತಲೆ ಉಸಿರಾಡುತ್ತಿಲ್ಲ ಎಂದು. ಊರಿಗೆ ಮರಳಿದ ದಿನವೇ ದೌಲತಬಿ ಮಗಳನ್ನು ಹಿತ್ತಲಲ್ಲಿ ಕೂರಿಸಿ, ಮೊಣಕೈ ಮುಟ್ಟುವ ಜಡೆಯನ್ನು ಕುತ್ತಿಗೆಯವರೆಗೆ ಕತ್ತರಿಸಿದಳು. ಕತ್ತರಿಸುವಾಗ ಇಬ್ಬರೂ ಅಳುತ್ತಿದ್ದರು. ಬೆವರು ಮಾತ್ರ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಮುಚ್ಚಿಕೊಳ್ಳಲು ಕೂದಲಿಲ್ಲದ ಕಾರಣ ಇನ್ನೂ ಎದ್ದು ಕಾಣತೊಡಗಿತು.

ಹತ್ತನೆಯ ಪರೀಕ್ಷೆಯಲ್ಲಿ ಅದು ಆಕೆಯನ್ನು ಕಳ್ಳಿಯನ್ನಾಗಿ ಮಾಡಿತು. ಗಣಿತದ ದಿನ ತಪಾಸಣೆಗೆ ಬಂದ ಅಧಿಕಾರಿ ಸಾಲುಗಳ ನಡುವೆ ನಡೆಯುತ್ತ ಈಕೆಯ ಬಳಿ ನಿಂತರು.

"ಯಾಕ ಇಷ್ಟು ಬೆವರಾಕತ್ತೀದಿ? ಏನ್ ಇಟ್ಟೀದಿ ಒಳಗ? ಏಳು."

ಆಕೆ ಎದ್ದಳು. ಎದ್ದದ್ದಕ್ಕೇ ಬೆವರು ಇಮ್ಮಡಿಯಾಯಿತು. ಶಿಕ್ಷಕಿಯೊಬ್ಬರು ಬಂದು ದುಪಟ್ಟಾದ ಅಂಚು, ತೋಳು, ಕಂಪಾಸು ಪೆಟ್ಟಿಗೆ ಎಲ್ಲ ತಡಕಿದರು. ಏನೂ ಸಿಗಲಿಲ್ಲ. ಕೂರಿಸಿ ಹೋದರು. ಉತ್ತರ ಪತ್ರಿಕೆಯ ಮೇಲೆ ಹನಿ ಬಿದ್ದು ಶಾಯಿ ಹರಡಿದ್ದ ಕಡೆ ಅಫ್ರೀನ್ ಅದೇ ಲೆಕ್ಕವನ್ನು ಪಕ್ಕದಲ್ಲಿ ಮತ್ತೊಮ್ಮೆ ಬರೆದಳು. ಪಾಸೂ ಆದಳು. ಆದರೆ ಅಂದಿನಿಂದ ಆಕೆಗೆ ಒಂದು ಹಟ ಹಿಡಿಯಿತು. ಮುಖ ನನ್ನ ಮಾತು ಕೇಳದಿದ್ದರೆ ಕೇಳದಿರಲಿ, ಕೈ ಕೇಳುತ್ತದೆ, ಕೈಯಿಂದ ಮಾಡುವ ಕೆಲಸವನ್ನೇ ಹಿಡಿಯುತ್ತೇನೆ ಎಂದುಕೊಂಡಳು.

ಹಾವೇರಿಯಲ್ಲಿ ಲ್ಯಾಬ್ ತಂತ್ರಜ್ಞರ ಡಿಪ್ಲೊಮಾ ಮಾಡಿದಳು. ದಿನಾ ಬಸ್ಸಿನಲ್ಲಿ ಹೋಗಿ ಬರುವುದು, ಕಿಟಕಿಯ ಪಕ್ಕದ ಸೀಟಿಗಾಗಿ ಒಂದು ಬಸ್ಸು ಬಿಟ್ಟು ಇನ್ನೊಂದಕ್ಕೆ ಕಾಯುವುದು. ಅಲ್ಲಿ ಸಹಪಾಠಿಗಳು ಒಬ್ಬರ ತೋಳಿನ ಮೇಲೆ ಒಬ್ಬರು ಕಲಿಯುವಾಗ ಎಲ್ಲರ ಕೈಯೂ ನಡುಗುತ್ತಿತ್ತು. ಅಫ್ರೀನಳದು ಮೊದಲ ದಿನದಿಂದಲೇ ನಡುಗಲಿಲ್ಲ. ಬೆರಳ ತುದಿಯಿಂದ ಚರ್ಮದ ಕೆಳಗಿನ ರಕ್ತನಾಳವನ್ನು ಹುಡುಕುವುದರಲ್ಲಿ ಆಕೆಗೆ ಎಂಥದೋ ಸುಖವಿತ್ತು. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತಿತ್ತು.

ಮೈಲೇಶ ಆಕೆಯನ್ನು ಕೆಲಸಕ್ಕೆ ತೆಗೆದುಕೊಂಡದ್ದು ಆ ಕೈ ನೋಡಿಯೇ. ಆದರೆ ಜನ ಕೈ ನೋಡುವುದಿಲ್ಲ, ಮುಖ ನೋಡುತ್ತಾರೆ. ಸೂಜಿ ಹಿಡಿದು ಬಂದ ಹುಡುಗಿಯ ಹಣೆಯಿಂದ ನೀರು ಇಳಿಯುತ್ತಿದ್ದರೆ ಯಾರಿಗೆ ಧೈರ್ಯ ಬಂದೀತು? "ನೀನ ಹೆದರೀದಿ, ನನ್ನ ರಗತ ಹೆಂಗ ತಗೀತಿ?" ಎಂದು ನಗುತ್ತಿದ್ದವರು ಕೆಲವರು. ನಗದವರೂ ಇದ್ದರು. ಜ್ವರದ ಮಗುವನ್ನು ಎತ್ತಿಕೊಂಡು ಬಂದ ತಾಯಿಯೊಬ್ಬಳು ಅಫ್ರೀನಳ ಮುಖ ನೋಡಿದವಳೇ ಮಗುವನ್ನು ಎದೆಗವಚಿಕೊಂಡು ಎದ್ದು ನಿಂತಳು.

"ಇಕಿ ಬ್ಯಾಡ. ಕಲತವರನ್ನ ಕರೀರಿ."

ಆ ಸಂಜೆ ಮೈಲೇಶ ಬಾಗಿಲು ಹಾಕುವಾಗ ಆಕೆಯನ್ನು ನಿಲ್ಲಿಸಿದ. ಒಳ್ಳೆಯ ಮನುಷ್ಯ, ಮಾತು ಹೊರಬರಲು ಒದ್ದಾಡಿದ.

"ಬ್ಯಾಸರ ಮಾಡ್ಕೋಬ್ಯಾಡವಾ. ಸ್ವಲ್ಪ ದಿವಸ ಒಳಗ ಮಶೀನ್ ಕಡೆ ಇರು. ರಗತ ತಗ್ಯೂದು ಬ್ಯಾರೆಯವರು ಮಾಡಲಿ."

"ಆಗ್ಲಿ ಸರ್" ಎಂದಳು ಅಫ್ರೀನ್. ಮನೆಗೆ ಬಂದು ಯಾರಿಗೂ ಹೇಳಲಿಲ್ಲ.

ಒಳಕೋಣೆಯಲ್ಲಿ ಕೆಲಸವೇನೂ ಕೀಳಾಗಿರಲಿಲ್ಲ. ಸೂಕ್ಷ್ಮದರ್ಶಕದ ಮುಂದೆ ಕೂತರೆ ಯಾರೂ ಮುಖ ನೋಡುವುದಿಲ್ಲ. ಆದರೂ ಪರದೆಯಾಚೆ ಯಾರಾದರೂ "ಹಾ" ಎಂದು ನರಳಿದರೆ, ಎರಡನೆಯ ಬಾರಿ ಚುಚ್ಚುತ್ತಿದ್ದಾರೆಂದು ಆಕೆಗೆ ತಿಳಿಯುತ್ತಿತ್ತು, ಬೆರಳು ಚಡಪಡಿಸುತ್ತಿದ್ದವು. ಅದೇ ದಿನಗಳಲ್ಲಿ ರಿಪೋರ್ಟಿಗೆ ಬಂದ ಹೆಂಗಸೊಬ್ಬಳು, ತನಗೂ ಹೀಗೇ ಬೆವರು ಕಿತ್ತು ಬರುತ್ತಿತ್ತೆಂದೂ ಥೈರಾಯ್ಡ್ ಹೆಚ್ಚಾಗಿದ್ದು ಗೊತ್ತಾಗಿ ಗುಳಿಗೆ ನುಂಗಿದ ಮೇಲೆ ಇಳಿಯಿತೆಂದೂ ಹೇಳಿದಳು. ಅಫ್ರೀನ್ ಅಂದೇ ತನ್ನ ರಕ್ತ ಕೊಟ್ಟಳು. ಥೈರಾಯ್ಡ್, ಸಕ್ಕರೆ, ರಕ್ತದ ಎಣಿಕೆ. ಎಲ್ಲವೂ ಸರಿಯಾಗಿಯೇ ಬಂದವು. ಬೇರೆಯವರು ಇಂಥ ರಿಪೋರ್ಟ್ ನೋಡಿ ದೇವರಿಗೆ ಕೈ ಮುಗಿಯುತ್ತಾರೆ. ಅಫ್ರೀನ್ ಒಳಕೋಣೆಯಲ್ಲಿ ಕೂತು ಕಣ್ಣೀರು ಹಾಕಿದಳು. ರೋಗವೊಂದು ಸಿಕ್ಕಿದ್ದರೆ ಅದಕ್ಕೆ ಔಷಧವಾದರೂ ಇರುತ್ತಿತ್ತು.

ಮೈಲೇಶ ಅದನ್ನು ಕಂಡ. "ಹಾವೇರ್ಯಾಗ ಚರ್ಮದ ಡಾಕ್ಟರ್ ಒಬ್ಬರು ಅದಾರ. ಅವರಿಗೆ ತೋರಿಸು. ನಾ ಫೋನ್ ಮಾಡ್ತೇನಿ" ಎಂದ.

ಟೆಂಪೊದಲ್ಲೇ ಹೋದರು, ಅಪ್ಪ, ಅಮ್ಮ, ಮಗಳು ಮೂವರೂ ಮುಂದಿನ ಸೀಟಿನಲ್ಲಿ ಒತ್ತಿಕೊಂಡು. ಡಾಕ್ಟರು ನಡುವಯಸ್ಸಿನ ಹೆಂಗಸು, ಅವಸರವಿಲ್ಲದ ಮಾತು. ರಿಪೋರ್ಟುಗಳನ್ನು ನೋಡಿ ಬದಿಗಿಟ್ಟು ಕೇಳಿದರು:

"ನಿದ್ದ್ಯಾಗ ಬೆವರತೀಯೇನು?"

ಅಫ್ರೀನಳಿಗೆ ಗೊತ್ತಿರಲಿಲ್ಲ. ದೌಲತಬಿಗೆ ಗೊತ್ತಿತ್ತು. "ಇಲ್ರಿ ಮೇಡಂ. ನಸುಕಿನ್ಯಾಗ ನಾ ಎದ್ದು ಚಾದರ ಹೊಚ್ಚತೇನಲ್ರಿ, ದಿಂಬು ಒಣಾ ಇರತೈತಿ."

"ತೂಕ ಇಳದೈತೇನು? ಜ್ವರ, ಕೆಮ್ಮು? ಯಾವರೆ ಗುಳಿಗಿ ತಗೋತೀಯೇನು?"

ಎಲ್ಲಕ್ಕೂ ಇಲ್ಲ.

"ನಿಮ್ಮ ಮನ್ಯಾಗ ಮತ್ತ ಯಾರಿಗರೆ ಹಿಂಗ ಐತೇನು?"

"ಯಾರಿಗೂ ಇಲ್ರಿ" ಎಂದರು ತಾಯಿ ಮಗಳು ಒಟ್ಟಿಗೇ.

ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದ ಸಲಾವುದ್ದೀನ ಕೆಮ್ಮಿದ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, ನೆಲ ನೋಡುತ್ತ ಹೇಳಿದ.

"ನನಗ ಐತ್ರಿ. ಸಣ್ಣಾವಿದ್ದಾಗಿಂದ. ನಮ್ಮ ಅಬ್ಬಾಗೂ ಇತ್ತು."

ದೌಲತಬಿ ಬಾಯಿ ತೆರೆದು ಗಂಡನನ್ನೇ ನೋಡಿದಳು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಅದು ಡ್ರೈವರ್ ಕೆಲಸದ ಬೆವರು, ಎಂಜಿನ್ನಿನ ಕಾವು, ಹೇರಿದ ಚೀಲದ ದಣಿವು ಎಂದೇ ತೋರಿತ್ತು. ಅಫ್ರೀನಳಿಗೆ ಮಾತ್ರ ಒಂದೊಂದೇ ನೆನಪಾಗತೊಡಗಿತು. ಯಾವ ಮದುವೆಗೆ ಹೋದರೂ ಅಬ್ಬಾ ಬಾಗಿಲ ಬಳಿಯೇ ಕೂರುವುದು, ಫೋಟೋ ಎಂದರೆ ಏನಾದರೊಂದು ನೆಪ ಹೇಳಿ ಎದ್ದು ಹೋಗುವುದು, ಚಳಿಗಾಲದಲ್ಲೂ ಟವೆಲ್ ಬಿಡದಿರುವುದು. ತನಗೊಬ್ಬಳಿಗೇ ಬಂದ ಅವಮಾನ ಎಂದುಕೊಂಡದ್ದನ್ನು ಆತ ತನಗಿಂತ ಮೊದಲಿನಿಂದ ಸುಮ್ಮನೆ ಹೊತ್ತು ನಡೆದಿದ್ದ.

"ನನ್ನಿಂದ ಆಕಿಗೆ ಬಂತು ಅಂತ ಹೆಂಗ ಹೇಳ್ಲಿರಿ?" ಎಂದ ಸಲಾವುದ್ದೀನ.

ಡಾಕ್ಟರು ನಕ್ಕರು, ಆದರೆ ಮೆತ್ತಗೆ. "ಕಣ್ಣು, ಮೂಗು ಬಂದಂಗ ಇದೂ ಬರತೈತಿ. ತಪ್ಪು ಯಾರದೂ ಅಲ್ಲ." ಆಮೇಲೆ ಅಫ್ರೀನಳ ಕಡೆ ತಿರುಗಿದರು. "ನೋಡು, ನಿನ್ನ ಬೆವರಿನ ಗ್ರಂಥಿ ಎಲ್ಲಾರ ಗ್ರಂಥಿ ಇದ್ದಂಗ ಅದಾವ. ಅವಕ್ಕ ಹುಕುಂ ಕೊಡೋ ನರ ಜೋರೈತಿ. ಬ್ಯಾರೆಯವರಿಗೆ ಓಡಿದಾಗ ಬರೋ ಹುಕುಂ ನಿನಗ ನಿಂತಲ್ಲೇ ಬರತೈತಿ. ಹೆದರೀದಿ ಅಂತ ಬೆವರು ಬರೂದಲ್ಲ ಅದು. ಬೆವರು ಬಂತಲ್ಲಾ ಅಂತ ನೀ ಹೆದರತಿ, ಹೆದರಿದ್ದಕ್ಕ ಮತ್ತಷ್ಟು ಬರತೈತಿ. ಬಿಸಿ, ಖಾರ ಉಂಡರೂ ಜಾಸ್ತಿ ಆಗತೈತಿ. ರೋಗ ಅಲ್ಲ, ಆದ್ರ ತ್ರಾಸು ಖರೇ."

ಲ್ಯಾಬಿನವಳೆಂದು ಗೊತ್ತಿದ್ದರಿಂದ ಇನ್ನಷ್ಟು ಬಿಡಿಸಿ ಹೇಳಿದರು. ಚಿಕ್ಕಂದಿನಿಂದ ಇರುವ, ನಿದ್ದೆಯಲ್ಲಿ ನಿಲ್ಲುವ ಬೆವರು ಒಂದು ಬಗೆ. ದೊಡ್ಡವರಾದ ಮೇಲೆ ಒಮ್ಮೆಲೇ ಶುರುವಾದದ್ದು, ಹಾಸಿಗೆ ತೊಯ್ಯುವಂಥದ್ದು ಬೇರೆ ಬಗೆ. ಅದರ ಹಿಂದೆ ಥೈರಾಯ್ಡ್ ಇರಬಹುದು, ಕ್ಷಯ ಇರಬಹುದು, ಸಕ್ಕರೆ ಕುಸಿದಿರಬಹುದು, ನುಂಗುವ ಯಾವುದೋ ಗುಳಿಗೆ ಇರಬಹುದು, ಮುಟ್ಟು ನಿಲ್ಲುವ ವಯಸ್ಸಿರಬಹುದು. "ಅಂಥದ್ದನ್ನ ಹಗುರ ತಗೋಬಾರದು" ಎಂದರು. ಗುಳಿಗೆ ಬರೆದುಕೊಟ್ಟರು, ಹಣೆಯ ಅಂಚಿಗೆ ಮಲಗುವಾಗ ಹಚ್ಚುವ ದ್ರವ ಬರೆದುಕೊಟ್ಟರು.

ಗುಳಿಗೆಯಿಂದ ಬೆವರು ಇಳಿಯಿತು, ಜೊತೆಗೆ ಬಾಯಿಯೂ ಒಣಗಿ ನಾಲಿಗೆ ಅಂಗುಳಕ್ಕೆ ಅಂಟತೊಡಗಿತು. ರಮಜಾನ್ ಉಪವಾಸಗಳಲ್ಲಿ ಇದನ್ನು ತಾಳಲು ಆಗುವುದೇ ಇಲ್ಲ ಎಂದಾಗ ಡಾಕ್ಟರು ಗುಳಿಗೆ ಬಿಡಿಸಿ ದ್ರವವೊಂದನ್ನೇ ಉಳಿಸಿದರು. ಮೊದಮೊದಲು ಚರ್ಮ ಉರಿಯಿತು, ಆಮೇಲೆ ಒಗ್ಗಿತು. ಸುರಿಯುತ್ತಿದ್ದ ಬೆವರು ಅರ್ಧಕ್ಕೆ ಬಂತು, ಪೂರ್ತಿ ನಿಲ್ಲಲಿಲ್ಲ. ಪೂರ್ತಿ ನಿಲ್ಲಲಿ ಎಂದು ಆಕೆ ಕಾಯಲೂ ಇಲ್ಲ. ದುಪಟ್ಟಾದ ಒಳಗೆ ಹಣೆಗೆ ಹತ್ತಿಯ ಪಟ್ಟಿ ಕಟ್ಟಿಕೊಂಡು ಮೈಲೇಶನ ಮುಂದೆ ಹೋಗಿ ನಿಂತಳು.

"ಸರ್, ನಾ ಹೊರಗ ಬರತೇನ್ರಿ."

"ಜನಕ್ಕ ಏನ್ ಹೇಳತಿ?"

"ಇದ್ದದ್ದ ಹೇಳತೇನ್ರಿ."

ಆ ಬೆಳಿಗ್ಗೆ ಕುಪ್ಪೇಲೂರಿನಿಂದ ದುರಗವ್ವ ಎಂಬ ಮುದುಕಿ ಬಂದಿದ್ದಳು. ಒಣಗಿದ ಜೋಳದ ದಂಟಿನಂಥ ತೋಳು. ಬೇರೆಡೆ ಚುಚ್ಚಿ ಚುಚ್ಚಿ ಎರಡೂ ಕಡೆ ನೀಲಿಗಟ್ಟಿತ್ತು. ಅಫ್ರೀನ್ ಆಕೆಯ ಎದುರು ಸ್ಟೂಲಿನ ಮೇಲೆ ಕೂತು, ಸೂಜಿ ತೆಗೆಯುವ ಮೊದಲು ತನ್ನ ಎರಡೂ ಅಂಗೈಗಳನ್ನು ಚಾಚಿದಳು.

"ಯಜ್ಜಿ, ನನ್ನ ಮುಖ ಬೆವರತೈತ್ರಿ. ಸಣ್ಣಾಕಿದ್ದಾಗಿಂದ ನನ್ನ ಗುಣಾನ ಅದು. ಕೈ ನಡುಗಂಗಿಲ್ಲ. ಬೇಕಾದ್ರ ಹಿಡಿದು ನೋಡ್ರಿ."

ದುರಗವ್ವ ನಿಜಕ್ಕೂ ಹಿಡಿದು ನೋಡಿದಳು. ಸಂತೆಯಲ್ಲಿ ಬದನೆಕಾಯಿ ನೋಡುವಂತೆ ತಿರುವಿ, ಒತ್ತಿ ನೋಡಿದಳು.

"ಬೆಚ್ಚಗ ಅದಾವ. ಒಣಾನೂ ಅದಾವ. ತಗೀಯವ್ವಾ, ನಿನ್ನ ಕೈಯಾಗ ಏನಾಗತೈತಿ ನೋಡೂಣು."

ಅಫ್ರೀನ್ ಕಣ್ಣನ್ನು ನಂಬದೆ ಬೆರಳಿಂದ ಹುಡುಕಿದಳು. ಮೊಣಕೈ ಬಿಟ್ಟು ಮುಂಗೈಯ ಪಕ್ಕಕ್ಕೆ ಬಂದಳು. ಪಟ್ಟಿ ಮೀರಿ ಒಂದು ಹನಿ ಆಕೆಯ ಕೆನ್ನೆಗೆ ಇಳಿಯಿತು. ಎರಡೂ ಕೈ ಕೆಲಸದಲ್ಲಿದ್ದವು. ದುರಗವ್ವ ಬಿಡುವಾಗಿದ್ದ ಕೈಯಿಂದ ಸೆರಗು ಎಳೆದು, ಮೊಮ್ಮಗಳಿಗೆ ಒರೆಸಿದ ಹಾಗೆ, ಆ ಹನಿಯನ್ನು ಒರೆಸಿದಳು. ಅಷ್ಟರಲ್ಲಿ ನಳಿಕೆಯೊಳಗೆ ರಕ್ತ ಏರುತ್ತಿತ್ತು.

"ಆತೇನು?" ಎಂದಳು ದುರಗವ್ವ.

"ಆತ್ರಿ."

"ಯವ್ವಾ! ಚುಚ್ಚಿದ್ದ ಯಾವಾಗ?"

ಬೆಂಚಿನಲ್ಲಿ ಕಾಯುತ್ತಿದ್ದವರೆಲ್ಲ ನಕ್ಕರು. ಅವರಲ್ಲಿ ಮುಂದಿನವನು ತಾನೇ ಅಂಗಿಯ ತೋಳು ಮಡಚಿ ಬಂದು ಕೂತ. ಕುಪ್ಪೇಲೂರು ಬಸ್ಸಿನಲ್ಲಿ ದುರಗವ್ವ ಯಾರ್ಯಾರಿಗೆ ಏನೇನು ಹೇಳಿದಳೋ, ಆ ಕಡೆಯ ಮುದುಕ ಮುದುಕಿಯರು "ಮುಖ ಬೆವರೋ ಹುಡುಗಿ ಎಲ್ಲಿ?" ಎಂದು ಕೇಳಿಕೊಂಡು ಬರತೊಡಗಿದರು. ಆ ಹೆಸರು ಕೇಳಿ ಮೊದಲ ದಿನ ಮಾತ್ರ ಅಫ್ರೀನಳಿಗೆ ಚುರುಕ್ಕೆಂದಿತು.

ಮನೆಮನೆಗೆ ಹೋಗಿ ರಕ್ತ ತರುವ ಕೆಲಸವನ್ನೂ ಮೈಲೇಶ ಆಕೆಗೇ ಒಪ್ಪಿಸಿದ. ಸ್ಕೂಟಿಯಲ್ಲಿ ರಾಣೇಬೆನ್ನೂರಿನ ಓಣಿಗಳು, ವಾರಕ್ಕೊಮ್ಮೆ ಬ್ಯಾಡಗಿ. ಬ್ಯಾಡಗಿಯಲ್ಲಿ ಸುಗ್ಗಿಯ ದಿನಗಳೆಂದರೆ ಪೇಟೆಯ ಬೀದಿ ದಾಟುವ ಹೊತ್ತಿಗೆ ಹೊಸಬರಿಗೆ ಸೀನು ಬರುತ್ತದೆ. ಗಾಳಿಯ ಘಾಟು ಬೆವರಿನ ಜೊತೆ ಸೇರಿ ಅಫ್ರೀನಳ ಹಣೆ ಉರಿಯುತ್ತಿತ್ತು. ಆಕೆ ಒದ್ದೆ ಬಟ್ಟೆಯೊಂದನ್ನು ಡಬ್ಬಿಯಲ್ಲಿಟ್ಟುಕೊಂಡೇ ಹೋಗುತ್ತಿದ್ದಳು.

ಅಲ್ಲಿ ಲಕ್ಷ್ಮಪ್ಪ ಎಂಬ ಹಿರಿಯರು, ಪೇಟೆಯಲ್ಲಿ ಬಹುಕಾಲ ಹಮಾಲಿ ಮಾಡಿ ಈಗ ಮನೆಯಲ್ಲಿದ್ದರು. ಸಕ್ಕರೆ ಕಾಯಿಲೆ, ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ಒಂದು ಚಳಿಯ ಬೆಳಿಗ್ಗೆ ಖಾಲಿ ಹೊಟ್ಟೆಯ ರಕ್ತಕ್ಕೆಂದು ಅಫ್ರೀನ್ ಹೋದಾಗ ಅವರು ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬೋಳುತಲೆಯ ಮೇಲೂ ಹಣೆಯ ಮೇಲೂ ಬೆವರು ಮಣಿಗಟ್ಟಿತ್ತು. ಸೊಸೆ ನಗುತ್ತಲೇ ಹೇಳಿದಳು:

"ನೋಡವಾ, ನಮ್ಮ ಮಾವಾರಿಗೂ ನಿನ್ನಂಗ ಶುರು ಆಗೇತಿ. ನಿನ್ನೆ ಖಾರಬ್ಯಾಳಿ ಜಾಸ್ತಿ ಉಂಡಾರ, ಅದಕ್ಕ ಇರಬೇಕು."

ಅಫ್ರೀನ್ ನಗಲಿಲ್ಲ. ಚೀಲ ಕೆಳಗಿಟ್ಟು ಅವರ ಕೈ ಹಿಡಿದಳು. ಕೈ ತಣ್ಣಗಿತ್ತು, ಒದ್ದೆಯಾಗಿತ್ತು, ನಡುಗುತ್ತಿತ್ತು.

"ಅಜ್ಜಾರ, ನಾ ಯಾರ್ರಿ?"

"ಚೀಲ... ಚೀಲ ಎಣಿಸಿದ್ರೇನು?" ಎಂದರು ಲಕ್ಷ್ಮಪ್ಪ.

"ಅಕ್ಕಾ, ಇವರು ಇನ್ಸುಲಿನ್ ತಗೊಂಡಾರೇನ್ರಿ?"

ಸೊಸೆಯ ನಗು ಅಲ್ಲೇ ನಿಂತಿತು. ತಗೊಂಡಿದ್ದರು. ದಿನದ ರೂಢಿಯಂತೆ ಬೆಳಿಗ್ಗೆ ಎದ್ದು ಚುಚ್ಚಿಕೊಂಡಿದ್ದರು, ರಕ್ತ ಕೊಟ್ಟ ಮೇಲೆಯೇ ತಿನ್ನಬೇಕೆಂದು ಚಹಾ ಕೂಡ ಕುಡಿಯದೆ ಕೂತಿದ್ದರು. ಅಫ್ರೀನ್ ಬೆರಳ ತುದಿ ಚುಚ್ಚಿ ಪುಟ್ಟ ಯಂತ್ರಕ್ಕೆ ಹನಿ ತಾಗಿಸಿದಳು. ಸಕ್ಕರೆ ಪಾತಾಳಕ್ಕಿಳಿದಿತ್ತು.

"ಲಗೂ ಸಕ್ಕರಿ ನೀರು ತರ್ರಿ. ಗಟ್ಟಿ ಮಾಡ್ರಿ."

ನುಂಗುವಷ್ಟು ಎಚ್ಚರ ಇನ್ನೂ ಇತ್ತು. ಆಕೆ ಅವರ ಬೆನ್ನಿಗೆ ತೋಳು ಕೊಟ್ಟು ಗುಟುಕು ಗುಟುಕಾಗಿ ಕುಡಿಸಿದಳು. ಆಕೆಯ ಮುಖದಿಂದಲೂ ಬೆವರು ಸುರಿಯುತ್ತಿತ್ತು, ಈ ಸಲ ಅದನ್ನು ಒರೆಸಿಕೊಳ್ಳುವುದು ಆಕೆಗೆ ನೆನಪೇ ಆಗಲಿಲ್ಲ. ತುಸು ಹೊತ್ತಿನಲ್ಲಿ ಲಕ್ಷ್ಮಪ್ಪನ ಕಣ್ಣಿಗೆ ಬೆಳಕು ಬಂತು. ಸುತ್ತ ನೋಡಿ, "ಏ, ಅಫ್ರೀನ್! ಯಾವಾಗ ಬಂದಿ?" ಎಂದರು. ಮತ್ತೊಮ್ಮೆ ಪರೀಕ್ಷಿಸಿದಾಗ ಸಕ್ಕರೆ ಏರಿತ್ತು. ಆಕೆ ಅವರ ಡಾಕ್ಟರಿಗೆ ಫೋನ್ ಹಚ್ಚಿ ಎಲ್ಲ ಹೇಳಿದಳು. ಅವರು ಮೊದಲು ಊಟ ಮಾಡಿಸಿ ಕೂಡಲೇ ಕರೆದುಕೊಂಡು ಬನ್ನಿ ಎಂದರು, ಆ ದಿನವೇ ಔಷಧದ ಪ್ರಮಾಣ ತಿದ್ದಿದರು. ರಕ್ತ ತೆಗೆಯುವುದು ಮುಂದಿನ ವಾರಕ್ಕೆ ಹೋಯಿತು.

ಹೊರಡುವಾಗ ಸೊಸೆ ಆಕೆಯ ಕೈ ಬಿಡಲಿಲ್ಲ. "ನಿನ್ನಂಗ ಅಂತ ತಿಳಕೊಂಡೆನಲ್ಲವಾ" ಎಂದು ಅತ್ತಳು.

"ನೋಡಾಕ ಹಂಗ ಕಾಣತೈತಕ್ಕಾ. ಯಾರರೆ ಹಂಗ ತಿಳಕೋತಾರ" ಎಂದಳು ಅಫ್ರೀನ್. ಆ ದಿನದಿಂದ ಇನ್ಸುಲಿನ್ ತೆಗೆದುಕೊಳ್ಳುವವರ ಮನೆಗೆ ಹಿಂದಿನ ದಿನವೇ ಫೋನ್ ಮಾಡಿ, ಬೆಳಗಿನ ಚುಚ್ಚುಮದ್ದಿನ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿಕೊಳ್ಳಿ ಎಂದು ಹೇಳುವುದನ್ನು ಆಕೆ ತಪ್ಪಿಸಿಲ್ಲ.

ಸಂಜೆ ಮನೆಯಲ್ಲಿ ಇದನ್ನೆಲ್ಲ ಹೇಳುವಾಗ ಸಲಾವುದ್ದೀನ ಊಟ ನಿಲ್ಲಿಸಿ ಕೇಳಿದ. ಆಸ್ಪತ್ರೆ ಎಂದರೆ ದೂರ ಓಡುವವನು, ಜೀವಮಾನದಲ್ಲಿ ಒಮ್ಮೆಯೂ ರಕ್ತ ಕೊಟ್ಟವನಲ್ಲ. ಮರುವಾರ ಯಾರಿಗೂ ಹೇಳದೆ ಒಗೆದ ಅಂಗಿ ತೊಟ್ಟು ಲ್ಯಾಬಿನ ಮೆಟ್ಟಿಲ ಮೇಲೆ ಉಳಿದವರ ಜೊತೆ ಕೂತಿದ್ದ. ಪಾಳಿ ಬಂದಾಗ ಒಳಗೆ ಹೋಗಿ ಮಗಳ ಮುಂದೆ ತೋಳು ಚಾಚಿದ.

ಅಫ್ರೀನ್ ಅವನ ತೋಳಿಗೆ ಪಟ್ಟಿ ಬಿಗಿದಳು. ಅಪ್ಪನ ಹಣೆಯಿಂದ ಧಾರೆ ಇಳಿಯುತ್ತಿತ್ತು, ಮಗಳ ಹಣೆಯಿಂದಲೂ. ಬೆಂಚಿನಲ್ಲಿದ್ದ ಹೊಸಬನೊಬ್ಬನಿಗೆ ತಡೆಯಲಾಗಲಿಲ್ಲ.

"ಏನ್ರಿ ಯಜಮಾನ್ರ, ತಗೊಳ್ಳಾಕಿನೂ ಹೆದರ್ಯಾಳ, ಕೊಡಾಂವಾನೂ ಹೆದರ್ಯಾನ?"

ಸಲಾವುದ್ದೀನ ಟವೆಲ್ಲಿಗೆ ಕೈ ಹಾಕಲಿಲ್ಲ. ಬೆವರುವ ಮುಖವನ್ನು ಹಾಗೆಯೇ ಅವನ ಕಡೆ ತಿರುಗಿಸಿದ.

"ಯಾರೂ ಹೆದರಿಲ್ರಿ. ನಮ್ಮ ಮನಿತನಾನ ಹಿಂಗ. ಇಕಿ ನನ್ನ ಮಗಳು."

ಅಷ್ಟು ಜನರ ನಡುವೆ ಅವನು ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ಅಫ್ರೀನ್ ಎಂದೂ ಕೇಳಿರಲಿಲ್ಲ. ಆಕೆ ಸೂಜಿ ಹಾಕಿ ರಕ್ತ ತೆಗೆದಳು. ಹತ್ತಿ ಒತ್ತಿ ಹಿಡಿದು ಅವನ ಮೊಣಕೈ ಮಡಚಿದಳು.

"ಆತು ಅಬ್ಬಾ. ಇಲ್ಲೇ ಸ್ವಲ್ಪ ಕುಂದರ್ರಿ. ಚಹಾ ಕುಡುದು ಹೋಗ್ರಿ."

ಅವನು ಬಾಗಿಲ ಬಳಿಯ ಕುರ್ಚಿ ಬಿಟ್ಟು ಬೆಂಚಿನ ನಡುವೆ ಜಾಗ ಮಾಡಿಕೊಂಡು ಕೂತ. ಅಫ್ರೀನ್ ಕೈಗವಸು ಬದಲಿಸಿ ಮುಂದಿನವರನ್ನು ಕರೆದಳು.